ಊರಿಗೆ ಬಂದಿರಾ? ಮೊದಲು ಬಚ್ಚಲು ನೋಡಿ

"ದೊಡ್ಡಮ್ಮ, ಅಮ್ಮನನ್ನು ನೋಡಿಕೊಳ್ಳಲಿಕ್ಕೆ ಊರಿಗೇ ಬಂದುಬಿಟ್ಟೆ. ಇನ್ನು ಎಲ್ಲಿಂದ ಶುರು ಮಾಡುವುದು?" ಅಂತ ಪಕ್ಕದ ಮನೆಯ ಹುಡುಗ ಮೊನ್ನೆ ಕೇಳಿದ. ಹುಡುಗ ಅಂದರೆ ಅವನಿಗೂ ನಲವತ್ತೆಂಟು ಆಯಿತು, ಬೆಂಗಳೂರಿನ ಕೆಲಸವನ್ನು ಮನೆಯಿಂದಲೇ ಮಾಡುತ್ತಾನೆ. ಉಡುಪಿ ಹತ್ತಿರದ, ಮಲ್ಲಿಗೆಗೆ ಹೆಸರಾದ ಶಂಕರಪುರದ ಈ ಮನೆಯಲ್ಲಿ ನಮ್ಮ ಅತ್ತೆಯವರನ್ನು ಒಂಬತ್ತು ವರ್ಷ ನೋಡಿಕೊಂಡವಳು ನಾನು. ಬಚ್ಚಲಿನಿಂದ ಶುರು ಮಾಡು ಮಗಾ ಅಂದೆ.

ನಮ್ಮ ಕಡೆಯ ಹಳೇ ಮನೆಗಳಲ್ಲಿ ಬಚ್ಚಲು ಇರುವುದು ಹಿಂದಿನ ಅಂಗಳ ದಾಟಿ. ಮಳೆ ಹಿಡಿಯಿತೆಂದರೆ ಅಂಗಳವೆಲ್ಲ ಪಾಚಿ. ಜಾರದಿರಲಿ ಅಂತ ತೆಂಗಿನ ಮಡಲು ಹಾಸುತ್ತೇವಲ್ಲ, ಅದು ನಮ್ಮ ಕಾಲಿಗೆ ಸರಿ. ಕಾಲೆಳೆದು ನಡೆಯುವವರಿಗೆ ಅದೇ ತೊಡರು. ಬ್ಲೀಚಿಂಗ್ ಪೌಡರ್ ಹಾಕಿ ತಿಕ್ಕಿ ತೊಳೆಯಿರಿ. ಸಾಧ್ಯವಿದ್ದರೆ ಮಲಗುವ ಕೋಣೆಗೆ ತಾಗಿ ಒಂದು ಸಣ್ಣ ಬಚ್ಚಲು, ಅದರಲ್ಲಿ ಕಮೋಡ್ ಮಾಡಿಸಿ. ಗೋಡೆಗೆ ಸ್ಟೀಲಿನ ಹಿಡಿ ಬೇಕೇ ಬೇಕು. ಬಟ್ಟೆ ನೇತುಹಾಕುವ ರಾಡನ್ನೇ ಹಿಡಿದುಕೊಳ್ಳಲಿ ಅಂತ ಬಿಡಬೇಡಿ, ಮೈಭಾರ ಬಿದ್ದರೆ ಅದು ಕಿತ್ತು ಬರುತ್ತದೆ. ಮುರಕಲ್ಲಿನ, ಅಂದರೆ ಜಂಬಿಟ್ಟಿಗೆಯ ಗೋಡೆಯಾದರೆ ಗಿಡ್ಡ ಸ್ಕ್ರೂ ಗಾರೆಯಲ್ಲೇ ಉಳಿಯುತ್ತದೆ, ಕಲ್ಲಿನ ಒಳಗೆ ಹೋಗಿ ಕೂರುವಂಥದ್ದನ್ನು ಹಾಕಿಸಿ. ಹಾಕಿಸಿದ ಮೇಲೆ ನೀವೇ ಒಮ್ಮೆ ಜೋತುಬಿದ್ದು ನೋಡಿ. ಬಾಗಿಲು ಹೊರಕ್ಕೆ ತೆರೆಯುವಂತಿರಲಿ, ಚಿಲಕ ಹೊರಗಿನಿಂದಲೂ ತೆಗೆಯಲಿಕ್ಕೆ ಬರಲಿ. ಒಳಗೆ ಬಿದ್ದವರ ಮೈಯೇ ಬಾಗಿಲಿಗೆ ಅಡ್ಡವಾದರೆ ಏನು ಮಾಡುತ್ತೀರಿ? ಹಳೇ ಸೀರೆಯ ಕಾಲೊರಸುಗಳನ್ನೆಲ್ಲ ಎತ್ತಿಡಿ. ರಾತ್ರಿ ಎದ್ದವರು ಒಂದು ನಿಮಿಷ ಮಂಚದ ಮೇಲೆ ಕೂತು ಆಮೇಲೆ ನಿಲ್ಲಲಿ, ಥಟ್ಟನೆ ಎದ್ದರೆ ಬಿಪಿ ಇಳಿದು ತಲೆ ತಿರುಗುತ್ತದೆ.

ಊಟದ ವಿಷಯ ಕಷ್ಟವಿಲ್ಲ, ಕುಚ್ಚಲಕ್ಕಿ ಗಂಜಿ ಉಂಟಲ್ಲ. ಬಿಪಿ ಇದ್ದವರಿಗೆ ಜೊತೆಗೆ ಉಪ್ಪಿನಕಾಯಿ ಬೇಡ, ಹೆಸರುಕಾಳಿನ ಪಲ್ಯ ಸಾಕು. ಉಂಡ ಮೇಲೆ ಅರ್ಧ ಗಂಟೆಯಾದರೂ ಕೂತಿರಲಿ. ನೀರು ಕುಡಿಯುವಾಗಲೆಲ್ಲ ಕೆಮ್ಮು ಬಂದರೆ ಅದನ್ನು ಡಾಕ್ಟರಿಗೆ ಹೇಳಲೇಬೇಕು. ಮಣಿಪಾಲಕ್ಕೋ ಮಂಗಳೂರಿಗೋ ತೋರಿಸಲು ಹೋಗುವಾಗ ಮನೆಯಲ್ಲಿರುವ ಮಾತ್ರೆ ಪೂರ್ತಿ ಚೀಲದಲ್ಲಿ ಹಾಕಿಕೊಂಡು ಹೋಗಿ. ಬೇರೆ ಬೇರೆ ಹೆಸರಿನಲ್ಲಿ ಒಂದೇ ಔಷಧ ಎರಡೆರಡು ಸಲ ಹೊಟ್ಟೆ ಸೇರುವುದು ಇದ್ದದ್ದೇ.

ಅತ್ತೆಯವರಿಗೆ ಸ್ಟ್ರೋಕ್ ಆದದ್ದು ಬೆಳಿಗ್ಗೆ, ಮಲ್ಲಿಗೆ ಕಟ್ಟುತ್ತಿದ್ದಾಗ. ಎಡಗೈಯಿಂದ ಬಾಳೆನಾರು ಜಾರಿತು, ಬಾಯಿ ಸೊಟ್ಟಗಾಯಿತು. ಕೂಡಲೇ 108ಕ್ಕೆ ಫೋನು ಮಾಡಿದೆವು. ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ನಿಗೆ ನಾಲ್ಕೂವರೆ ಗಂಟೆಯ ಗಡುವು. ಸ್ವಲ್ಪ ಮಲಗಿ ಏಳಲಿ, ನೋಡುವ ಅಂತ ಕಾಯಬೇಡಿ. ತೋಟದ ಒಳಗಿನ ಮನೆಯಾದರೆ ಆಂಬುಲೆನ್ಸ್ ಎಲ್ಲಿಯವರೆಗೆ ಬರುತ್ತದೆ ಅಂತ ಮೊದಲೇ ನೋಡಿಟ್ಟುಕೊಳ್ಳಿ.

ಆಸ್ಪತ್ರೆಯಿಂದ ಬಂದ ಮೇಲೆ ನಾನೊಂದು ತಪ್ಪು ಮಾಡಿದೆ. ವಿಶ್ರಾಂತಿ ಸಿಗಲಿ ಅಂತ ಹೂವಿನ ಬುಟ್ಟಿಯನ್ನು ಅವರ ಕಣ್ಣಿಗೆ ಬೀಳದಂತೆ ಒಳಗಿಟ್ಟೆ. ಎಂಟುನೂರು ಹೂವಿನ ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ, ಮಲ್ಲಿಗೆ ಮಾರುವ ಈ ಲೆಕ್ಕದಲ್ಲೇ ಆಯುಷ್ಯ ಕಳೆದವರು ಅವರು. ತಿಂಗಳಾಗುವಷ್ಟರಲ್ಲಿ ಊಟ ಅರ್ಧಕ್ಕಿಳಿಯಿತು, "ಇವತ್ತು ಅಟ್ಟೆಗೆ ಎಷ್ಟು?" ಎಂದು ಕೇಳುವುದೂ ನಿಂತಿತು. ಒಂದು ದಿನ ನೆರೆಮನೆಯ ಹೆಂಗಸು ಏನೂ ಹೇಳದೆ ಒಂದು ಬೊಗಸೆ ಮೊಗ್ಗು ಅವರ ಮಡಿಲಿಗೆ ಸುರಿದಳು. ನಾರಿನ ಒಂದು ತುದಿಯನ್ನು ಕಾಲ್ಬೆರಳಿಗೆ ಸಿಕ್ಕಿಸಿಕೊಂಡು, ಬಲಗೈಯಲ್ಲೇ, ಒಂದು ಗಂಟೆಯಲ್ಲಿ ಹದಿನೈದೋ ಇಪ್ಪತ್ತೋ ಕಟ್ಟಿದರು. ಸಂಜೆ ಎರಡು ಸೌಟು ಗಂಜಿ ಹೆಚ್ಚು ಉಂಡರು. ಆಮೇಲೆ ಆ ಬುಟ್ಟಿಯನ್ನು ನಾನು ಮುಟ್ಟಲಿಲ್ಲ. ಆದ್ದರಿಂದ ಹೇಳುವುದು, ಬಚ್ಚಲು ಬದಲಾಯಿಸಿ, ಹೊಸ್ತಿಲು ತಗ್ಗಿಸಿ, ಆದರೆ ಅಮ್ಮನ ಸೊಂಟದ ಬೀಗದಕೈ, ಅಪ್ಪ ಬರೆಯುವ ಹಾಲಿನ ಲೆಕ್ಕ, ಅವನ್ನು ಅವರ ಕೈಯಲ್ಲೇ ಬಿಡಿ. ಲೆಕ್ಕ ತಪ್ಪಿದರೆ ತಪ್ಪಲಿ.

ಪೂರ್ತಿ ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಸ್ನಾನ ಮಾಡಿಸುವಾಗ ಬೆನ್ನಿನ ಕೆಳಗೆ, ಹಿಮ್ಮಡಿಯಲ್ಲಿ ಬೆರಳೊತ್ತಿ ನೋಡಿ. ಕೆಂಪು ಮಾಸದಿದ್ದರೆ ಹುಣ್ಣು ಶುರುವಾಗಿದೆ ಎಂದೇ ಲೆಕ್ಕ. ಹೋಂ ನರ್ಸ್ ಇದ್ದರೂ ಇದನ್ನು ದಿನಕ್ಕೊಮ್ಮೆ ನೀವೇ ನೋಡಬೇಕು.

ದುಬೈಯಲ್ಲೋ ಮುಂಬೈಯಲ್ಲೋ ಇರುವ ಅಣ್ಣ ತಮ್ಮಂದಿರ ಹತ್ತಿರ ಮೊದಲ ತಿಂಗಳೇ ಮಾತಾಡಿ. ಹಣ ಕಳಿಸಿದರೆ ಮುಗಿಯಿತು ಅಂದುಕೊಂಡವರಿಗೆ, ವರ್ಷಕ್ಕೆ ಹದಿನೈದು ದಿನ ಬಂದು ಅಮ್ಮನ ಹತ್ತಿರ ಇರು ಅಂತ ಬಾಯಿ ಬಿಟ್ಟು ಹೇಳಿ. ಆ ಹದಿನೈದು ದಿನ ನೀವು ಹೆಂಡತಿ ಮಕ್ಕಳನ್ನು ಕರೆದುಕೊಂಡು ಎಲ್ಲಿಗಾದರೂ ಹೋಗಿ, ರಾತ್ರಿ ಎಚ್ಚರವಾಗದ ಹಾಗೆ ನಿದ್ದೆ ಮಾಡಿ ಬನ್ನಿ.