ಕಿಟಕಿಯಂಚಿನ ಅಮರಿಲ್ಲಿಸ್: ಎರಡನೆಯ ವರ್ಷವೂ ಹೂ ಕಾಣಬೇಕಾದರೆ

ಅಮರಿಲ್ಲಿಸ್ ಗೆಡ್ಡೆಯನ್ನು ಮೊದಲ ಸಲ ಕೈಯಲ್ಲಿ ಹಿಡಿದವರಿಗೆ ಅದು ಒಣಸಿಪ್ಪೆಯ ದಪ್ಪ ಈರುಳ್ಳಿಯಂತೆಯೇ ಕಾಣುತ್ತದೆ. ಆದರೆ ಮುಂದೆ ಅರಳಲಿರುವ ಮೊಗ್ಗು ತಿಂಗಳುಗಟ್ಟಲೆ ಮೊದಲೇ ಅದರ ಪದರಗಳ ನಡುವೆ ರೂಪುಗೊಂಡು ಕುಳಿತಿರುತ್ತದೆ. ಹೀಗಾಗಿ ಕೊಂಡು ತಂದ ಗೆಡ್ಡೆ ಮೊದಲ ವರ್ಷ ಹೂ ಬಿಟ್ಟರೆ ಅದು ಬಹುಪಾಲು ಗೆಡ್ಡೆ ಬೆಳೆಸಿದವರ ಶ್ರಮದ ಫಲ. ನಮ್ಮ ಆರೈಕೆಯ ಪರೀಕ್ಷೆ ನಡೆಯುವುದು ಎರಡನೆಯ ವರ್ಷ.

ಅಂಗಡಿಗಳಲ್ಲಿ ಈ ಹೆಸರಿನಿಂದ ಮಾರುವುದು ದಕ್ಷಿಣ ಅಮೆರಿಕ ಮೂಲದ ಹಿಪ್ಪಿಯಾಸ್ಟ್ರಮ್ ಕುಲದ ಮಿಶ್ರತಳಿಗಳನ್ನು; ಸಸ್ಯಶಾಸ್ತ್ರಜ್ಞರು ಅಮರಿಲ್ಲಿಸ್ ಎಂದು ಕರೆಯುವ ಗಿಡ ದಕ್ಷಿಣ ಆಫ್ರಿಕದ್ದು, ಬೇರೆಯೇ. ನಮ್ಮ ಹಳೆಯ ಮನೆಗಳ ಅಂಗಳದಲ್ಲಿ ಬೇಸಿಗೆಯಲ್ಲಿ ಅರಳುವ ಕಿತ್ತಳೆಗೆಂಪು ಲಿಲ್ಲಿಯೂ ಹಿಪ್ಪಿಯಾಸ್ಟ್ರಮ್ ಕುಲಕ್ಕೇ ಸೇರಿದ್ದು. ಆದ್ದರಿಂದ ಹೊಸಬರು ದುಬಾರಿ ಆಮದು ಗೆಡ್ಡೆಯನ್ನೇ ಕೊಳ್ಳಬೇಕೆಂದಿಲ್ಲ. ನೆಂಟರ ಮನೆಯಿಂದ ಕಿತ್ತು ತಂದ ಗೆಡ್ಡೆಯಲ್ಲಿ ಕೈಪಳಗಿಸಿಕೊಳ್ಳುವುದೇ ಜಾಣತನ ಎಂಬುದು ನನ್ನ ಅಭಿಪ್ರಾಯ.

ಗೆಡ್ಡೆಯನ್ನು ಆರಿಸುವಾಗ ಬೆರಳಿನಿಂದ ಒತ್ತಿ ನೋಡಬೇಕು. ಗಟ್ಟಿಯಾಗಿ, ಭಾರವಾಗಿ ಇರಬೇಕು. ಮೆತ್ತಗಾಗಿದ್ದರೆ ಅಥವಾ ಬುಡದಲ್ಲಿ ಬೂಸ್ಟು ಕಂಡರೆ ಬೇಡ. ಗೆಡ್ಡೆ ದೊಡ್ಡದಾದಷ್ಟೂ ಹೂದಂಡುಗಳು ಹೆಚ್ಚು; ಸುತ್ತಳತೆ 26 ಸೆಂಟಿಮೀಟರಿಗಿಂತ ಹೆಚ್ಚಿರುವ ಮಿಶ್ರತಳಿ ಗೆಡ್ಡೆ ಸಾಮಾನ್ಯವಾಗಿ ನಿರಾಶೆಗೊಳಿಸುವುದಿಲ್ಲ.

ಕುಂಡ ದೊಡ್ಡದಿರಬಾರದು. ಗೆಡ್ಡೆಯನ್ನು ನಡುವೆ ಇಟ್ಟಾಗ ಸುತ್ತಲೂ ಎರಡು ಬೆರಳು ಜಾಗ ಉಳಿದರೆ ಸಾಕು, ಏಕೆಂದರೆ ಹೆಚ್ಚಿನ ಮಣ್ಣು ನೀರನ್ನು ಹಿಡಿದಿಟ್ಟುಕೊಂಡು ಬೇರನ್ನು ಕೊಳೆಸುತ್ತದೆ. ತಳದಲ್ಲಿ ತೂತಿರುವ ಮಣ್ಣಿನ ಕುಂಡವಾದರೆ ಉತ್ತಮ. ಪ್ಲಾಸ್ಟಿಕ್ಕಿನದು ಹಗುರ, ಅರವತ್ತು ಸೆಂಟಿಮೀಟರ್ ಎತ್ತರದ ದಂಡಿನ ತುದಿಯಲ್ಲಿ ನಾಲ್ಕು ಹೂಗಳು ಒಟ್ಟಿಗೆ ಅರಳಿದಾಗ ಮಗುಚಿ ಬೀಳುತ್ತದೆ. ಕೆಂಪು ಮಣ್ಣು, ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಮತ್ತು ಎರೆಗೊಬ್ಬರಗಳನ್ನು ಸಮಪ್ರಮಾಣದಲ್ಲಿ ಬೆರೆಸಿ, ಒಂದೆರಡು ಹಿಡಿ ದಪ್ಪ ಮರಳನ್ನು ಸೇರಿಸಿ, ಗೆಡ್ಡೆಯ ಮೇಲಿನ ಮೂರನೆಯ ಒಂದು ಭಾಗ ಮಣ್ಣಿನ ಹೊರಗೆ ಕಾಣುವಂತೆ ನೆಡಬೇಕು.

ಇನ್ನು ನೀರು. ನೆಟ್ಟ ದಿನ ಒಮ್ಮೆ ಚೆನ್ನಾಗಿ ಹಾಕಿ, ಮೊಳಕೆ ಕಾಣುವವರೆಗೂ ಕೈ ಬಿಗಿಹಿಡಿಯಬೇಕು. ನಾನು ಮೊದಲು ನೆಟ್ಟ ಗೆಡ್ಡೆಗೆ, ತುಳಸಿಗೆ ಹಾಕುವಂತೆ ದಿನವೂ ಒಂದು ಚೊಂಬು ನೀರು ಹಾಕಿದೆ. ಮೂರನೆಯ ವಾರ ಎತ್ತಿ ನೋಡಿದರೆ ತಳ ಕೊಳೆತು ನಾರುತ್ತಿತ್ತು. ಬೆರಳನ್ನು ಒಂದು ಗೆಣ್ಣಿನಷ್ಟು ಮಣ್ಣಿಗಿಳಿಸಿ, ಒಣಗಿದೆ ಎನಿಸಿದರೆ ಮಾತ್ರ ನೀರು ಹಾಕಬೇಕು, ಅದೂ ಗೆಡ್ಡೆಯ ನೆತ್ತಿಯ ಮೇಲಲ್ಲ, ಕುಂಡದ ಅಂಚಿಗೆ.

ಫ್ಲಾಟಿನಲ್ಲಿರುವವರು ಬೆಳಗಿನ ಬಿಸಿಲು ಬೀಳುವ ಪೂರ್ವದ ಕಿಟಕಿಯನ್ನು ಆರಿಸಿಕೊಳ್ಳಲಿ. ಚಪ್ಪಟೆಯಾಗಿ, ಮೊಂಡು ತುದಿಯೊಂದಿಗೆ ಹೊರಬರುವುದು ಎಲೆ. ದಪ್ಪಗೆ, ಈಟಿಯ ಮೊನೆಯಂತೆ ಚೂಪಾಗಿ ಹೊರಬರುವುದು ಹೂದಂಡು. ಅದು ಬೆಳಕಿನತ್ತ ವಾಲುವುದರಿಂದ ಎರಡು ದಿನಕ್ಕೊಮ್ಮೆ ಕುಂಡವನ್ನು ಕಾಲು ಸುತ್ತು ತಿರುಗಿಸುತ್ತಿರಬೇಕು. ನೆಟ್ಟ ಆರರಿಂದ ಹತ್ತು ವಾರಗಳಲ್ಲಿ ಹೂ ಅರಳುತ್ತದೆ. ಅರಳಿದ ಮೇಲೆ ಕುಂಡವನ್ನು ಬಿಸಿಲಿನಿಂದ ಸರಿಸಿದರೆ ಹೂ ಹೆಚ್ಚು ದಿನ ಬಾಳುತ್ತದೆ.

ಹೆಚ್ಚಿನವರು ಎಡವುವುದು ಹೂ ಬಾಡಿದ ಮೇಲೆ. ಬಾಡಿದ ಹೂಗಳನ್ನು ಬೀಜ ಕಟ್ಟುವ ಮೊದಲೇ ಚಿವುಟಿ, ದಂಡು ಹಳದಿಯಾದ ಬಳಿಕ ಕತ್ತರಿಸಬೇಕು. ಎಲೆಗಳನ್ನು ಮಾತ್ರ ಯಾವ ಕಾರಣಕ್ಕೂ ಮುಟ್ಟಬಾರದು. ಗೆಡ್ಡೆಯೊಳಗೆ ಸಾಮಾನ್ಯವಾಗಿ ನಾಲ್ಕು ಎಲೆಗಳಿಗೆ ಒಂದರಂತೆ ಹೂಮೊಗ್ಗು ರೂಪುಗೊಳ್ಳುತ್ತದೆ. ನೋಡಲು ಚೆಂದವಿಲ್ಲವೆಂದು ಎಲೆಯನ್ನು ಕತ್ತರಿಸಿದವರು ಮುಂದಿನ ವರ್ಷದ ಹೂವಿಗೇ ಕತ್ತರಿ ಹಾಕಿದಂತೆ. ಅಕ್ಟೋಬರ್‌ವರೆಗೆ ಕುಂಡವನ್ನು ಬಾಲ್ಕನಿಯ ಎಳೆಬಿಸಿಲಿಗಿಟ್ಟು, ತಿಂಗಳಿಗೊಮ್ಮೆ ಎರೆಗೊಬ್ಬರ, ಸ್ವಲ್ಪ ಬೇವಿನ ಹಿಂಡಿ ಕೊಡುತ್ತಿರಬೇಕು. ಮಳೆಗಾಲದಲ್ಲಿ ಕಪ್ಪು ಮೈಯ ಮೇಲೆ ಬಿಳಿ, ಕೆಂಪು ಚುಕ್ಕೆಗಳಿರುವ ಲಿಲ್ಲಿ ಹುಳುಗಳು ಗುಂಪಾಗಿ ಬಂದು ಎಲೆಗಳನ್ನು ಬುಡದವರೆಗೂ ಮೇಯುತ್ತವೆ. ಕಂಡ ಕೂಡಲೇ ಆಯ್ದು ಸೋಪಿನ ನೀರಿಗೆ ಹಾಕುವುದಕ್ಕಿಂತ ಒಳ್ಳೆಯ ಉಪಾಯ ನನಗೆ ತಿಳಿದಿಲ್ಲ.

ನವೆಂಬರ್ ಕೊನೆಗೆ ನೀರನ್ನು ಕಡಿಮೆ ಮಾಡುತ್ತ ಬಂದು ನಿಲ್ಲಿಸಿ, ಎಲೆಗಳು ತಾವಾಗಿ ಒಣಗಿದ ಮೇಲೆ ಕುಂಡವನ್ನು ಎಂಟರಿಂದ ಹತ್ತು ವಾರ ತಂಪಾದ, ನೆರಳಿನ ಮೂಲೆಯಲ್ಲಿ ಇಡಬೇಕು. ಬೆಂಗಳೂರು, ಮೈಸೂರುಗಳ ಚಳಿಗೆ ಇಷ್ಟು ವಿಶ್ರಾಂತಿ ಸಾಕು. ಹಿಮ ಬೀಳುವ ದೇಶಗಳಲ್ಲಿರುವ ಕನ್ನಡಿಗರು ಹೊರಗಿಟ್ಟ ಕುಂಡವನ್ನು ಮೊದಲ ಹಿಮಕ್ಕೆ ಮುಂಚೆಯೇ ಒಳತರಬೇಕು. ವಿಶ್ರಾಂತಿ ಮುಗಿದ ಬಳಿಕ ಮೇಲ್ಮಣ್ಣನ್ನು ಕೆದಕಿ ಹೊಸ ಗೊಬ್ಬರ ಹಾಕಿ, ಒಮ್ಮೆ ನೀರುಣಿಸಿ, ಕುಂಡವನ್ನು ಮತ್ತೆ ಕಿಟಕಿಗೆ ತರಬಹುದು. ಬೇರುಗಳು ಇಕ್ಕಟ್ಟನ್ನೇ ಇಷ್ಟಪಡುವುದರಿಂದ ಕುಂಡವನ್ನು ಎರಡು ಮೂರು ವರ್ಷಕ್ಕೊಮ್ಮೆ ಬದಲಿಸಿದರೆ ಸಾಕು.

ಮನೆಯಲ್ಲಿ ಪುಟ್ಟ ಮಕ್ಕಳೋ ನಾಯಿ, ಬೆಕ್ಕುಗಳೋ ಇದ್ದರೆ ವಿಶ್ರಾಂತಿಯ ಈ ಅವಧಿಯಲ್ಲೇ ಹೆಚ್ಚು ಎಚ್ಚರ ಬೇಕು. ಗೆಡ್ಡೆಯಲ್ಲಿ ಲೈಕೋರಿನ್ ಎಂಬ ವಿಷಾಂಶವಿದ್ದು, ತಿಂದರೆ ವಾಂತಿಯಾಗುತ್ತದೆ. ಎಲೆಯುದುರಿದ ಗೆಡ್ಡೆಯನ್ನು ಈರುಳ್ಳಿ ಬುಟ್ಟಿಯ ಹತ್ತಿರವಂತೂ ಇಡಲೇಬಾರದು.