ಗೋದಲಿಯ ಪೆಟ್ಟಿಗೆ ಮತ್ತು ನಾವು ನಾಲ್ವರು

ಅಮ್ಮ ಇದ್ದಷ್ಟು ದಿನ ಕ್ರಿಸ್‌ಮಸ್ ತನ್ನಷ್ಟಕ್ಕೆ ಬರುತ್ತದೆ ಅಂದುಕೊಂಡಿದ್ದೆ. ಅಮ್ಮ ಹೋದ ಮೊದಲ ವರ್ಷ ಹಠಕ್ಕೆ ಬಿದ್ದು ಎಲ್ಲವನ್ನೂ ನಾನೊಬ್ಬಳೇ ಮಾಡಿದೆ. ಡಿಸೆಂಬರ್ 24ರ ರಾತ್ರಿ ಎಲ್ಲರೂ ಬಂದಾಗ ನನಗೆ ಮಾತಾಡುವ ತ್ರಾಣವೇ ಉಳಿದಿರಲಿಲ್ಲ. "ಏನಾದ್ರೂ ಮಾಡ್ಲಾ ಅಕ್ಕಾ?" ಅಂದಳು ತಂಗಿ. "ಎಲ್ಲ ಮುಗಿದಿದೆ, ಸುಮ್ನೆ ಕೂತ್ಕೋ" ಅಂತ ಸಿಡುಕಿದೆ. ಕೂತಳು, ಮೊಬೈಲ್ ನೋಡುತ್ತಾ. ಅವಳದ್ದೇನು ತಪ್ಪು?

ಮರುವರ್ಷ ಕ್ರಿಸ್‌ಮಸ್‌ಗೆ ಮುಂಚಿನ ಆಗಮನ ಕಾಲದ ನಾಲ್ಕು ಭಾನುವಾರಗಳನ್ನು ಅಣ್ಣ, ನಾನು, ತಂಗಿ, ತಮ್ಮ ಹಂಚಿಕೊಂಡೆವು. ಪಾಳಿ ಇದ್ದವರು ಸಂಜೆ ಮೇಣದಬತ್ತಿ ಹಚ್ಚಬೇಕು, ಅಮ್ಮನ ಕಾಲದ ಒಂದು ನೆನಪು ಹೇಳಬೇಕು. ದೂರ ಇದ್ದವರು ವಿಡಿಯೋ ಕಾಲ್‌ನಲ್ಲಿ. ಬತ್ತಿ ಹಚ್ಚುವ ಈ ಪದ್ಧತಿ ತೀರಾ ಹಳೆಯದೇನಲ್ಲ. 1839ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಯೋಹಾನ್ ವಿಖರ್ನ್ ಎಂಬ ಪಾದ್ರಿ ತಾನು ಸಾಕುತ್ತಿದ್ದ ಬಡ ಮಕ್ಕಳಿಗಾಗಿ ಶುರು ಮಾಡಿದ್ದು. ಹಬ್ಬ ಯಾವಾಗ, ಯಾವಾಗ ಅಂತ ಪೀಡಿಸುತ್ತಿದ್ದ ಮಕ್ಕಳಿಗೆ ಚಕ್ರದ ಮೇಲೆ ಬತ್ತಿ ಇಟ್ಟು ದಿನ ಎಣಿಸಲು ಕೊಟ್ಟರು. ನಮಗೂ ಅದೇ ಬೇಕಾಗಿತ್ತು, ಅಲ್ವಾ? ಹಬ್ಬ ಒಂದೇ ರಾತ್ರಿ ಬಂದು ತಲೆ ಮೇಲೆ ಬೀಳಬಾರದು.

ತಮ್ಮ ಮಾತ್ರ ಮೊದಲ ಸಲ ಬಾಯಿ ಬಿಡಲಿಲ್ಲ. ಬತ್ತಿ ಹಚ್ಚಿ ಸುಮ್ಮನೆ ಕೂತ. ನಾವೂ ಒತ್ತಾಯ ಮಾಡಲಿಲ್ಲ. 2023ರಲ್ಲಿ ನಾಲ್ಕನೇ ಭಾನುವಾರ 24ನೇ ತಾರೀಕಿಗೇ ಬಿತ್ತು, ಪಾಳಿ ಅವನದೇ. ಅವತ್ತು ಅಮ್ಮ ಬೈಯುತ್ತಿದ್ದ ಧಾಟಿಯನ್ನು ಹಾಗೇ ಅನುಕರಿಸಿ ತೋರಿಸಿದ. ಅಪ್ಪ ನಕ್ಕು ನಕ್ಕು ಕನ್ನಡಕ ಒರೆಸಿಕೊಂಡರು.

ನಮ್ಮ ಮನೆಯಲ್ಲಿ ಜಾಸ್ತಿ ಗಲಾಟೆ ಆಗುವುದು ಗೋದಲಿಯ ವಿಷಯದಲ್ಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯನ್ನು ಗೊಂಬೆಗಳಲ್ಲಿ ಜೋಡಿಸುವ ವಿಷಯದಲ್ಲಿ. ಹಳೆಯ ಗೊಂಬೆಗಳು. ಒಂದು ಕುರಿಗೆ ಕಿವಿ ಇಲ್ಲ, ಕತ್ತೆಯ ಬಣ್ಣ ಹೋಗಿದೆ. ಹೊಸ ಸೆಟ್ ತರೋಣ ಅಂದಿದ್ದಕ್ಕೆ ಮಕ್ಕಳೇ ಜಗಳಕ್ಕೆ ಬಂದವು. 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಹಳ್ಳಿಯಲ್ಲಿ ಅಸಿಸಿಯ ಸಂತ ಫ್ರಾನ್ಸಿಸ್ ಗೋದಲಿ ಮಾಡಿದಾಗ ಇದ್ದದ್ದು ಹುಲ್ಲು, ಜೀವಂತ ಎತ್ತು, ಕತ್ತೆ. ಅದರ ಮುಂದೆ ನಮ್ಮ ಕಿವುಡು ಕುರಿ ಯಾವ ಲೆಕ್ಕ!

ಬಾಲಯೇಸುವನ್ನು 24ರ ರಾತ್ರಿಯವರೆಗೂ ಇಡುವುದಿಲ್ಲ. ಅಮ್ಮನ ನಿಯಮ. ಇಡುವುದು ಮನೆಯ ಅತಿ ಚಿಕ್ಕವರು. ಒಂದು ವರ್ಷ ಮೂರ್ತಿಯನ್ನು ಎಷ್ಟು ಜೋಪಾನವಾಗಿ ಎತ್ತಿಟ್ಟಿದ್ದೆ ಎಂದರೆ ಆ ರಾತ್ರಿ ನನಗೇ ಸಿಗಲಿಲ್ಲ. ಬಿಳಿ ಕರವಸ್ತ್ರ ಮಡಿಸಿ ಹುಲ್ಲಿನ ಮೇಲೆ ಮಲಗಿಸಿದೆವು. ಮಾರ್ಚ್‌ನಲ್ಲಿ ಸ್ವೆಟರ್ ಒಳಗೆ ಸಿಕ್ಕಿತು.

ಬಾಲಯೇಸುವನ್ನು ನೋಡಲು ಪೂರ್ವದಿಂದ ಬಂದ ಜ್ಞಾನಿಗಳದ್ದು ಬೇರೆ ಕಥೆ. ಎಷ್ಟು ಜನ ಅಂತ ಬೈಬಲಿನ ಮತ್ತಾಯನ ಸುವಾರ್ತೆ ಹೇಳುವುದಿಲ್ಲ, ನಮ್ಮ ಪೆಟ್ಟಿಗೆಯಲ್ಲಿ ಮೂವರಿದ್ದಾರೆ. ಅವರು ಪುಸ್ತಕದ ಕಪಾಟಿನಿಂದ ಹೊರಡುತ್ತಾರೆ. ಮಕ್ಕಳು ದಿನಾ ಒಂದು ಗೇಣು ಮುಂದೆ ಸರಿಸುತ್ತಾರೆ. ಗೋದಲಿ ಸೇರುವುದು ಅವರ ಹಬ್ಬದ ದಿನ, ಜನವರಿ 6ಕ್ಕೆ. ನಡುವೆ ಟಿವಿ ಮೇಲೆ ಎರಡು ದಿನ ತಂಗುವುದೂ ಉಂಟು.

ಉಡುಗೊರೆ ಕಡಿಮೆ ಮಾಡಿದೆವು. ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ.

ಪೆಟ್ಟಿಗೆ ಕಟ್ಟುವ ದಿನ ಈಗ ಎಲ್ಲರೂ ಒಂದೊಂದು ಚೀಟಿ ಬರೆದು ಒಳಗೆ ಹಾಕುತ್ತೇವೆ. ಮುಂದಿನ ವರ್ಷ ಪೆಟ್ಟಿಗೆ ಬಿಚ್ಚಿದಾಗಲೇ ಓದಬೇಕು. ಕಳೆದ ಸಲ ಮೊದಲು ಸಿಕ್ಕಿದ್ದು ಅಪ್ಪನ ನಡುಗುವ ಕೈಬರಹ: "ಕುರಿಯ ಕಿವಿ ಅಂಟಿಸಬೇಡಿ. ಅದನ್ನು ಬೀಳಿಸಿದ್ದು ನಿಮ್ಮಮ್ಮ."