ಮೊಣಕಾಲು ನೋವಿಗೆ ಲೇಸರ್: ಎಷ್ಟು, ಎಲ್ಲಿ, ಹೇಗೆ ಹಿಡಿಸಿಕೊಳ್ಳಬೇಕು

ದಾವಣಗೆರೆಯ ಮಂಡಕ್ಕಿ ಭಟ್ಟಿಗಳಲ್ಲಿ ದಿನವಿಡೀ ಒಲೆಯ ಮುಂದೆ ದುಡಿಯುವವರು, ಚಳ್ಳಕೆರೆ ಕಡೆಯ ಹೊಲಗಳಲ್ಲಿ ಕುಕ್ಕರುಗಾಲಲ್ಲಿ ಕೂತು ಶೇಂಗಾ ಬಿಡಿಸುವ ಹೆಣ್ಣುಮಕ್ಕಳು ಮೊಣಕಾಲು ಹಿಡಿದುಕೊಂಡು ಫಿಸಿಯೋಥೆರಪಿಗೆ ಬಂದಾಗ ಮೊದಲು ಕೇಳುವುದು, 'ಕರೆಂಟ್ ಇಡ್ತೀರೋ, ಲೈಟ್ ಹಿಡೀತೀರೋ?' ಎಂದು. ಈ 'ಲೈಟ್' ಎಂದರೆ ಕಡಿಮೆ ಶಕ್ತಿಯ ಲೇಸರ್. ಅದನ್ನು ಹಿಡಿಯುವವಳಾಗಿ ನಾನು ಹೇಳಬೇಕಾದ ಮುಖ್ಯ ಮಾತು, ಔಷಧಕ್ಕೆ ಇರುವಂತೆಯೇ ಬೆಳಕಿಗೂ ಪ್ರಮಾಣವಿದೆ ಎಂಬುದು.

1967ರಲ್ಲಿ ಬುಡಾಪೆಸ್ಟ್‌ನ ವೈದ್ಯ ಎಂಡ್ರೆ ಮೆಸ್ಟರ್ ಅವರು ಕೂದಲು ಬೋಳಿಸಿದ ಇಲಿಗಳ ಮೇಲೆ ಕ್ಷೀಣ ಲೇಸರ್ ಬಿಟ್ಟಾಗ, ಬೆಳಕು ಬಿದ್ದ ಇಲಿಗಳಲ್ಲಿ ಕೂದಲು ಬೇಗ ಬೆಳೆದದ್ದನ್ನು ಕಂಡರು. ಕೆಂಪು ಮತ್ತು ಅವಕೆಂಪು (ಇನ್‌ಫ್ರಾರೆಡ್) ಬೆಳಕನ್ನು ಜೀವಕೋಶದೊಳಗೆ ಶಕ್ತಿ ತಯಾರಿಸುವ ಭಾಗವಾದ ಮೈಟೋಕಾಂಡ್ರಿಯಾದಲ್ಲಿರುವ ಸೈಟೋಕ್ರೋಮ್ ಸಿ ಆಕ್ಸಿಡೇಸ್ ಎಂಬ ಕಿಣ್ವ ಹೀರಿಕೊಳ್ಳುತ್ತದೆ, ಅದರಿಂದ ಕೋಶದ ಶಕ್ತಿ ಉತ್ಪಾದನೆ ಹೆಚ್ಚಿ ಉರಿಯೂತದ ರಾಸಾಯನಿಕಗಳು ತಗ್ಗುತ್ತವೆ ಎಂಬುದು ಇಂದು ಹೆಚ್ಚಾಗಿ ಒಪ್ಪಿರುವ ವಿವರಣೆ. ಇದು ಶಾಖ ಕೊಡುವ ಚಿಕಿತ್ಸೆಯಲ್ಲ. ಬಿಸಿಯಾಗಲಿಲ್ಲವೆಂದರೆ ಯಂತ್ರ ಕೆಲಸ ಮಾಡುತ್ತಿಲ್ಲವೆಂದು ಅರ್ಥವಲ್ಲ.

ಪ್ರಮಾಣವನ್ನು ಜೂಲ್‌ನಲ್ಲಿ ಅಳೆಯುತ್ತಾರೆ. ವ್ಯಾಟ್‌ಗಳನ್ನು ಸೆಕೆಂಡುಗಳಿಂದ ಗುಣಿಸಿದರೆ ಜೂಲ್ ಸಿಗುತ್ತದೆ: 100 ಮಿಲಿವ್ಯಾಟ್‌ನ ಪ್ರೋಬನ್ನು (ಬೆಳಕು ಹೊರಬರುವ ಹಿಡಿಕೆಯನ್ನು) ಮೊಣಕಾಲಿನ ಒಂದು ಬಿಂದುವಿನ ಮೇಲೆ 40 ಸೆಕೆಂಡು ಹಿಡಿದರೆ 4 ಜೂಲ್. ಮೊಣಕಾಲಿನ ಸವೆತಕ್ಕೆ ವಿಶ್ವ ಲೇಸರ್ ಚಿಕಿತ್ಸಾ ಸಂಘದ ಶಿಫಾರಸಿನ ಪ್ರಕಾರ, 780ರಿಂದ 860 ನ್ಯಾನೋಮೀಟರ್ ತರಂಗಾಂತರದ ಯಂತ್ರದಲ್ಲಿ ಪ್ರತಿ ಬಿಂದುವಿಗೆ ಕನಿಷ್ಠ 4 ಜೂಲ್ ಬೇಕು. 904 ನ್ಯಾನೋಮೀಟರ್‌ನ, ಬಿಟ್ಟು ಬಿಟ್ಟು ಬೆಳಕು ಹೊಮ್ಮಿಸುವ ಪಲ್ಸ್ ಯಂತ್ರಕ್ಕೆ ಅದಕ್ಕಿಂತ ಬಹಳ ಕಡಿಮೆ ಸಾಕು. 2019ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರಲ್ಲಿ ಮೊಣಕಾಲು ನೋವು ಸ್ಪಷ್ಟವಾಗಿ ತಗ್ಗಿದ್ದು ಶಿಫಾರಸಿನ ಪ್ರಮಾಣ ಪಡೆದವರಲ್ಲಿ. ಹಾಗೆಂದು ಹೆಚ್ಚು ಹಿಡಿದಷ್ಟೂ ಹೆಚ್ಚು ಗುಣವಲ್ಲ. ಮಿತಿ ಮೀರಿದರೆ ಪರಿಣಾಮ ಕುಗ್ಗುತ್ತದೆ. ವೃತ್ತಿಯ ಆರಂಭದಲ್ಲಿ, ಹೊರಗೆ ಜನ ಕಾಯುತ್ತಿದ್ದಾರೆಂದು ಹಿರಿಯರೊಬ್ಬರಿಗೆ ಬಿಂದುವಿಗೆ ಹತ್ತೇ ಸೆಕೆಂಡು ಹಿಡಿದು ಕಳಿಸಿದ್ದೇನೆ. ಒಂದೇ ಜೂಲ್ ಪಡೆದು ಗುಣವಾಗಲೆಂದು ಕಾದ ಆ ಹಿರಿಯರ ಬಸ್ ಖರ್ಚು ಇವತ್ತಿಗೂ ನನ್ನ ಮನಸ್ಸಿನಲ್ಲಿದೆ. ಆದ್ದರಿಂದ 'ಒಂದು ಪಾಯಿಂಟಿಗೆ ಎಷ್ಟು ಜೂಲ್ ಕೊಡುತ್ತೀರಿ?' ಎಂದು ಸಂಕೋಚವಿಲ್ಲದೆ ಕೇಳಿ. ಉತ್ತರವನ್ನು ನಿಮ್ಮ ಚಿಕಿತ್ಸಾ ಕಾರ್ಡಿನ ಮೇಲೆ ಬರೆಸಿಕೊಳ್ಳಿ.

ಹೋಗುವ ದಿನ ಮೊಣಕಾಲಿಗೆ ನೋವಿನ ಎಣ್ಣೆ, ಮುಲಾಮು ಹಚ್ಚಬೇಡಿ, ಹಚ್ಚಿದ್ದರೆ ಒರೆಸಿಕೊಳ್ಳಿ. ಬಟ್ಟೆಯ ಮೇಲಿಂದ ಬೆಳಕು ಸರಿಯಾಗಿ ಒಳಗಿಳಿಯುವುದಿಲ್ಲವಾದ್ದರಿಂದ ಮೊಣಕಾಲಿನ ಮೇಲಕ್ಕೆ ಸರಿಸಬಹುದಾದ ಸಡಿಲ ಉಡುಪು ಅನುಕೂಲ. ಪ್ರೋಬನ್ನು ಚರ್ಮಕ್ಕೆ ನೇರವಾಗಿ, ತುಸು ಒತ್ತಿ ಹಿಡಿಯಬೇಕು; ಒತ್ತಿದಾಗ ರಕ್ತ ಪಕ್ಕಕ್ಕೆ ಸರಿದು ಬೆಳಕು ಆಳಕ್ಕೆ ಹೋಗುತ್ತದೆ. ಹಚ್ಚೆಯ ಶಾಯಿ ಬೆಳಕು ಹೀರಿ ಬಿಸಿಯಾಗಬಹುದು. ನಮ್ಮ ಕಡೆಯ ಅಜ್ಜಿಯರ ಮುಂಗೈ ಮೇಲೆ ಹಚ್ಚೆ ಸಾಮಾನ್ಯ. ಮೊಣಕೈ ಅಥವಾ ಮಣಿಕಟ್ಟಿನ ನೋವಿಗೆ ಹಿಡಿಸುವಾಗ ಆ ಜಾಗ ಬಿಡಿಸಬೇಕು. ಸುರ್ರೆಂದರೆ ತಡೆದುಕೊಳ್ಳದೆ ತಕ್ಷಣ ಹೇಳಿ.

ಕಣ್ಣಿನ ವಿಷಯದಲ್ಲಿ ರಾಜಿಯೇ ಇಲ್ಲ. ಲೇಸರ್‌ಗಳ ಸುರಕ್ಷತಾ ವರ್ಗೀಕರಣದಲ್ಲಿ ಈ ಚಿಕಿತ್ಸೆಯ ಬಹುಪಾಲು ಯಂತ್ರಗಳು 3ಬಿ ವರ್ಗದವು, ಅಂದರೆ 500 ಮಿಲಿವ್ಯಾಟ್‌ವರೆಗಿನವು. ಅದರಿಂದಾಚೆಗಿನವು 4ನೇ ವರ್ಗದವು. ಅವಕೆಂಪು ಕಿರಣ ಕಣ್ಣಿಗೆ ಕಾಣುವುದಿಲ್ಲ, ಆದ್ದರಿಂದ ರೆಪ್ಪೆ ತಾನಾಗಿ ಮುಚ್ಚುವುದಿಲ್ಲ, ಅಕ್ಷಿಪಟಲ (ರೆಟಿನಾ) ಸುಡಬಹುದು. ಆ ತರಂಗಾಂತರಕ್ಕೆಂದೇ ಮಾಡಿದ ಕನ್ನಡಕವನ್ನು ಚಿಕಿತ್ಸಕರೂ ನೀವೂ ಧರಿಸಬೇಕು. ತಂಪು ಕನ್ನಡಕ ಸಾಲದು. ಜೊತೆಗೆ ಬಂದ ಮಕ್ಕಳನ್ನು ಹೊರಗೆ ಕೂರಿಸಿ.

ಕ್ಯಾನ್ಸರ್ ಗಡ್ಡೆ ಇರುವ ಜಾಗ, ಗರ್ಭಿಣಿಯ ಹೊಟ್ಟೆ, ಥೈರಾಯಿಡ್ ಗ್ರಂಥಿ, ರಕ್ತ ಸೋರುತ್ತಿರುವ ಭಾಗಗಳ ಮೇಲೆ ಇದನ್ನು ಹಿಡಿಸಬಾರದು. ಬಿಸಿಲಿಗೆ ಚರ್ಮ ಸೂಕ್ಷ್ಮವಾಗಿಸುವ ಮಾತ್ರೆ ಸೇವಿಸುತ್ತಿದ್ದರೆ ಮೊದಲೇ ತಿಳಿಸಿ. ಕೀಲು ಕೆಂಪಾಗಿ ಊದಿ ಜ್ವರವೂ ಬಂದಿದ್ದರೆ, ಅಥವಾ ಮೀನಖಂಡ ಒಮ್ಮೆಗೇ ಊದಿ ನೋಯುತ್ತಿದ್ದರೆ, ಲೇಸರ್ ಕೋಣೆಗಲ್ಲ, ಅಂದೇ ವೈದ್ಯರ ಬಳಿಗೆ ಹೋಗಬೇಕು.

ಎರಡು ವಾರ ಪ್ರತಿದಿನ, ಇಲ್ಲವೇ ಮೂರು ನಾಲ್ಕು ವಾರ ದಿನ ಬಿಟ್ಟು ದಿನ ಎಂಬುದು ರೂಢಿಯ ಕ್ರಮ. ಜಗಳೂರು, ಹೊಳಲ್ಕೆರೆಯಿಂದ ಬಸ್ಸಿನಲ್ಲಿ ಬರುವವರಿಗೆ ಎರಡನೆಯದನ್ನೇ ಹೇಳುತ್ತೇನೆ, ಏಕೆಂದರೆ ನಡುವೆ ಬಿಟ್ಟುಹೋಗುವುದು ಕಡಿಮೆ. ತೊಡೆಯ ಸ್ನಾಯು ಬಲಪಡಿಸುವ ವ್ಯಾಯಾಮವನ್ನು ಜೊತೆಯಲ್ಲೇ ಮಾಡಬೇಕು; ನೋವು ಇಳಿದ ಹೊತ್ತು ಅದಕ್ಕೆ ಸಿಕ್ಕ ಅವಕಾಶ. ಮೊದಲ ದಿನವೇ ನೋವಿಗೆ ಹತ್ತಕ್ಕೆ ಎಷ್ಟು ಅಂಕ, ಎಷ್ಟು ಮೆಟ್ಟಿಲು ಹತ್ತಬಲ್ಲಿರಿ ಎಂದು ಕಾರ್ಡಿನಲ್ಲಿ ಬರೆದಿಡಿ, ಚಿಕಿತ್ಸೆಯ ಸರದಿ ಮುಗಿದ ಮೇಲೆ ಹೋಲಿಸಿ. ಲೆಕ್ಕ ಬದಲಾಗಿಲ್ಲವಾದರೆ ಮತ್ತೊಂದು ಸರದಿಗೆ ಹಣ ಕಟ್ಟದೆ, ಆ ಕಾರ್ಡನ್ನು ಮೂಳೆ ವೈದ್ಯರಿಗೆ ತೋರಿಸಿ.